ಕರಡಿಯ ಕಾಡಿಗೆ ಹೋಗುವ ಮುನ್ನ

ಹಾರನಹಳ್ಳಿಗೆ ಬರುವ ಸದ್ಭಕ್ತರಲ್ಲಿ ಅನೇಕರು ಶ್ರೀಮಠದ ದರ್ಶನ ಮುಗಿಸಿ, ಹೊಯ್ಸಳರ ಕಾಲದ ಚನ್ನಕೇಶವ, ಸೋಮೇಶ್ವರ ದೇವಾಲಯಗಳನ್ನು ನೋಡಿ, ಹಳೇಬೀಡು ಬೇಲೂರುಗಳ ಕಡೆಗೆ ತೆರಳುವುದು ವಾಡಿಕೆ. ಈಚೆಗೆ ಮಕ್ಕಳೊಡನೆ ಬಂದವರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: “ಇಲ್ಲಿ ಕರಡಿಗಳಿವೆಯಂತೆ, ಎಲ್ಲಿ ನೋಡಬಹುದು?” ಇರುವುದು ನಿಜ. ಅರಸೀಕೆರೆ ತಾಲ್ಲೂಕಿನ ಹಿರೇಕಲ್ಲು ಗುಡ್ಡದ ಕುರುಚಲು ಕಾಡು ಅವುಗಳ ನೆಲೆ. ಸರ್ಕಾರ ಅದನ್ನು ಕರಡಿಧಾಮವೆಂದು ಘೋಷಿಸಿದೆ. ಆದರೆ ಕಾಡಿಗೆ ಹೋದೊಡನೆ ಕರಡಿ ಕಾಣಬೇಕೆಂಬ ಹಂಬಲ ಒಳ್ಳೆಯದಲ್ಲ. ಹತ್ತಿರದಿಂದ ಅದನ್ನು ಕಾಣುವುದೇ ಅಪಾಯ.

ಕಳೆದ ಬೇಸಿಗೆಯಲ್ಲಿ ನಾವು ಕೆಲವು ವಿದ್ಯಾರ್ಥಿಗಳೊಡನೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಕಾವಲುಗಾರರ ಜತೆಯಲ್ಲಿ ಗುಡ್ಡದ ತಪ್ಪಲಿನಲ್ಲಿ ನಡೆದೆವು. ಎರಡು ಗಂಟೆಯಲ್ಲಿ ಒಂದು ಕರಡಿಯೂ ಕಾಣಲಿಲ್ಲ. ಕಂಡದ್ದು ಬುಡದವರೆಗೆ ಬಗೆದ ಹುತ್ತ, ಅದರ ಗೋಡೆಯ ಮೇಲೆ ಉದ್ದುದ್ದ ಉಗುರಿನ ಗೆರೆಗಳು, ಸ್ವಲ್ಪ ಮುಂದೆ ಬೀಜಗಳೇ ತುಂಬಿದ ಲದ್ದಿ. ನಾಗರಪಂಚಮಿಗೆ ಮನೆಯವರು ಹಾಲೆರೆಯುವ ಹುತ್ತ ಗೆದ್ದಲಿನ ಮನೆಯೆಂಬುದು ಒಬ್ಬ ಹುಡುಗನಿಗೆ ಅಂದೇ ತಿಳಿಯಿತು. ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಆ ಸಂದಿನಿಂದಲೇ ಅದು ಗೆದ್ದಲನ್ನು ಹೀರುತ್ತದೆ. ಮಣ್ಣು ನುಗ್ಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲದು. ಹೀರುವ ಸದ್ದು ನೂರು ಮೀಟರಿಗೂ ಆಚೆಗೆ ಕೇಳುವುದುಂಟು. ಹಣ್ಣಿನ ಕಾಲದಲ್ಲಿ ಎಲಚಿ, ಕಕ್ಕೆ, ನೇರಳೆ ತಿಂದು, ಬೀಜಗಳನ್ನು ದೂರ ದೂರ ಚೆಲ್ಲುತ್ತದೆ. ಕಾಡಿನ ಬಿತ್ತನೆಯಲ್ಲಿ ಅದರದೂ ಒಂದು ಪಾಲು.

ಕರಡಿಯನ್ನು ಕಣ್ಣಾರೆ ಕಾಣಲೇಬೇಕೆನ್ನುವವರಿಗೆ ಹಂಪಿಯ ಸಮೀಪದ ದರೋಜಿ ಇದೆ. 1994ರಲ್ಲಿ ಆದ ಆ ಧಾಮದಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಸವರುತ್ತಾರೆ. ಸಂಜೆ ಗವಿಗಳಿಂದಿಳಿದು ಬರುವ ಕರಡಿಗಳನ್ನು ವೀಕ್ಷಣಾ ಗೋಪುರದಿಂದ ನೋಡಬಹುದು. ಸುರಕ್ಷಿತವಾದ ನೋಟವೇನೋ ಹೌದು. ಆದರೂ ಮಕ್ಕಳು ಹೆಚ್ಚು ಕಲಿಯುವುದು ಆ ಬಗೆದ ಹುತ್ತದ ಮುಂದೆಯೇ ಎಂದು ನಮಗೆ ತೋರುತ್ತದೆ.

ಇಂತಹ ನಡಿಗೆ ದೇಹಕ್ಕೂ ಹಿತ. ಪ್ರತಿದಿನ ಬಯಲಿನ ಬೆಳಕಿನಲ್ಲಿ ಕಾಲ ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ಕಡಿಮೆ ಎಂಬುದನ್ನು ವೈದ್ಯಲೋಕ ಒಪ್ಪಿದೆ. ಹಿರಿಯರಿಗೆ ಏರುತಗ್ಗಿನ ಹಾದಿ ಉಸಿರಿಗೂ ಮಂಡಿಗೂ ಒಂದು ಪರೀಕ್ಷೆ. ಹೃದ್ರೋಗವುಳ್ಳವರು ತಪ್ಪಲಿನಲ್ಲೇ ನಿಲ್ಲುವುದು ಲೇಸು.

ಇನ್ನು ಎಚ್ಚರಿಕೆಯ ಮಾತು. ಕರಡಿಯ ಕಣ್ಣು, ಕಿವಿ ಅಷ್ಟು ಚುರುಕಲ್ಲ. ಮೂಗು ಮಾತ್ರ ಬಲು ಚುರುಕು. ಗಾಳಿ ಎದುರಾಗಿದ್ದರೆ ನಾವು ಬರುವುದು ಅದಕ್ಕೆ ತಿಳಿಯುವುದೇ ಇಲ್ಲ, ತೀರ ಹತ್ತಿರ ಬಂದಾಗ ಬೆದರಿ ಮೇಲೆರಗುತ್ತದೆ. ನಸುಕಿನಲ್ಲಿ ಹೊಲಕ್ಕೆ ನೀರು ಹಾಯಿಸಲು ಒಬ್ಬರೇ ಹೋಗುವ ರೈತರು, ಸೌದೆ ತರುವ ತಾಯಂದಿರು ಗಾಯಗೊಳ್ಳುವುದು ಬಹುಮಟ್ಟಿಗೆ ಹೀಗೆಯೇ. ಆದ್ದರಿಂದ ಬೆಳಕು ಹರಿಯುವ ಮೊದಲು, ಕತ್ತಲಾದ ಮೇಲೆ ಗುಡ್ಡದ ದಾರಿ ಬೇಡ. ಗುಂಪಾಗಿ, ಮಾತನಾಡುತ್ತ ನಡೆಯಬೇಕು. ಬೆನ್ನ ಮೇಲೆ ಮರಿ ಹೊತ್ತ ತಾಯಿ ಕಂಡರೆ ಮೊಬೈಲು ತೆಗೆಯದೆ ಮೆಲ್ಲನೆ ಹಿಂದೆ ಸರಿಯಬೇಕು. ಪ್ರಸಾದದ ಬಾಳೆಹಣ್ಣು, ಕಾಯಿಚೂರು, ಊಟದ ಎಲೆಗಳನ್ನು ಅಲ್ಲಿ ಎಸೆಯಲೇಬಾರದು; ಆ ರುಚಿ ಹತ್ತಿದ ಪ್ರಾಣಿ ಊರಿನತ್ತ ಬರುತ್ತದೆ, ಅದರ ಫಲವನ್ನು ಅನುಭವಿಸುವವರು ಅಲ್ಲಿಯ ಹಳ್ಳಿಗರು.

ಕರಡಿ ಮೇಲೆರಗಿದರೆ ಬೋರಲು ಮಲಗಿ, ಕೈಗಳಿಂದ ಕುತ್ತಿಗೆ, ತಲೆ ಮುಚ್ಚಿಕೊಳ್ಳಬೇಕು. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಚಿಕ್ಕ ಗಾಯವಾದರೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತುವುದು ಸಲ್ಲದು. ಗಾಯ ಎಷ್ಟೇ ಸಣ್ಣದಿರಲಿ, ಧನುರ್ವಾಯು ಮತ್ತು ರೇಬೀಸ್ ಚುಚ್ಚುಮದ್ದಿನ ವಿಷಯವನ್ನು ವೈದ್ಯರೇ ನಿರ್ಧರಿಸಬೇಕು.

ಇಲ್ಲಿಂದ ಮಲೆನಾಡಿನ ಕಾಡುಗಳಿಗೆ ಮುಂದುವರಿಯುವವರು ಉಣ್ಣೆಗಳ ಬಗ್ಗೆಯೂ ಎಚ್ಚರವಿರಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಅವುಗಳ ಕಡಿತದಿಂದಲೇ ಬರುತ್ತದೆ. ಮೈತುಂಬ ಬಟ್ಟೆ ತೊಟ್ಟು ಹೋಗಿ, ಮರಳಿದೊಡನೆ ಬಿಸಿನೀರು ಸ್ನಾನ ಮಾಡಿ ಮೈ ಪರೀಕ್ಷಿಸಿಕೊಳ್ಳಬೇಕು. ಒಂದೆರಡು ವಾರದೊಳಗೆ ಜ್ವರ, ತೀವ್ರ ತಲೆನೋವು ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.