ಕಡಿದ ಸರ, ನಿಂತ ವಾಚು: ರಿಪೇರಿ ಕಸುಬು ಕಟ್ಟಿಕೊಳ್ಳುವುದು ಹೇಗೆ?

ಮನೆಯ ಬೀರುವಿನ ಒಳಖಾನೆ ತೆಗೆದು ನೋಡಿ. ಕೊಂಡಿ ಕಿತ್ತ ಸರ, ತಿರುಪು ಕಳೆದುಹೋದ ಒಂಟಿ ಓಲೆ, ಅಜ್ಜನ ಎಚ್‌ಎಂಟಿ ವಾಚು, ಇವುಗಳಲ್ಲಿ ಒಂದಾದರೂ ಸಿಗುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ, ಯಾರ ಕೈಗೆ ಕೊಡಬೇಕೆಂದು ತಿಳಿಯುವುದಿಲ್ಲ. ಒಡವೆ ಮತ್ತು ವಾಚು ರಿಪೇರಿ ಕಲಿತವರಿಗೆ ಕೆಲಸ ಕಾದಿರುವುದು ಇಲ್ಲಿಯೇ. ಎರಡಕ್ಕೂ ಬೇಕಾದ್ದು ಹೆಚ್ಚುಕಡಿಮೆ ಒಂದೇ: ಅಲುಗಾಡದ ಕೈ, 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಒಳ್ಳೆಯ ಬೆಳಕು, ತಾಳ್ಮೆ. ಇವಕ್ಕೂ ಮೊದಲು ಬೇಕಾದ್ದು ಒಂದು ರಸೀದಿ ಪುಸ್ತಕ.

ಮೊದಲ ಪಾಠ: ತೂಗಿ, ನೋಡಿ, ಬರೆದುಕೊಳ್ಳುವುದು

ಗಿರಾಕಿ ಸರ ಕೊಟ್ಟ ಕೂಡಲೇ ಅವರ ಕಣ್ಣೆದುರೇ ತಕ್ಕಡಿಗೆ ಹಾಕಿ. ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿಯೇ ಬೇಕು. ತೂಕ, ಹರಳುಗಳ ಸಂಖ್ಯೆ, ಮೊದಲೇ ಇರುವ ಗೀರು ಅಥವಾ ಬಿರುಕು, ಹಾಲ್‌ಮಾರ್ಕ್ ಇದೆಯೋ ಇಲ್ಲವೋ, ಎಲ್ಲವನ್ನೂ ರಸೀದಿಯಲ್ಲಿ ಬರೆಯಿರಿ. ವಾಚಾದರೆ ಗಾಜಿನ ಸ್ಥಿತಿ, ಮುಳ್ಳು ಓಡುತ್ತಿದೆಯೇ, ಹಿಂಬದಿ ಮುಚ್ಚಳದ ನಂಬರು, ಜೊತೆಗೊಂದು ಫೋಟೊ. ಇದು ಗಿರಾಕಿಗೂ ರಕ್ಷಣೆ, ನಿಮಗೂ ರಕ್ಷಣೆ. ‘ನನ್ನ ಸರ ತೂಕ ಕಡಿಮೆಯಾಗಿದೆ’ ಎಂಬ ಒಂದು ಮಾತು ಪೇಟೆಯಲ್ಲಿ ಹಬ್ಬಿದರೆ ಹತ್ತು ವರ್ಷದ ಹೆಸರು ಹೋಗುತ್ತದೆ.

ಸೆಲ್ ವಾಚು: ಹೆಚ್ಚು ಬರುವ ಕೆಲಸ

ಇಂದು ಅಂಗಡಿಗೆ ಬರುವ ವಾಚುಗಳಲ್ಲಿ ಹೆಚ್ಚಿನವು ಕ್ವಾರ್ಟ್ಜ್. ಅದರೊಳಗಿನ ಪುಟ್ಟ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸರ್ಕ್ಯೂಟು ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಹೋದಾಗ ಸೆಕೆಂಡಿಗೆ ಒಂದು ಮಿಡಿತ ಉಳಿಯುತ್ತದೆ. ಆ ಮಿಡಿತ ಸುರುಳಿಯ ಮೂಲಕ ಒಂದು ಪುಟಾಣಿ ಮೋಟಾರನ್ನು ತಿರುಗಿಸಿ, ಮುಳ್ಳನ್ನು ಒಂದು ಹೆಜ್ಜೆ ಮುಂದಿಡಿಸುತ್ತದೆ.

ವಾಚು ನಿಂತಿದೆ ಎಂದರೆ ಈ ದಾರಿಯಲ್ಲಿ ಎಲ್ಲಿ ತಡೆಯಾಗಿದೆ ಎಂದು ಕ್ರಮವಾಗಿ ಹುಡುಕಬೇಕು. ಮೊದಲು ಮಲ್ಟಿಮೀಟರಿನಲ್ಲಿ ಸೆಲ್ ನೋಡಿ. ಹೊಸ ಸಿಲ್ವರ್ ಆಕ್ಸೈಡ್ ಸೆಲ್ ಸುಮಾರು 1.55 ವೋಲ್ಟ್ ತೋರಿಸುತ್ತದೆ. ಸೆಲ್ ಸರಿಯಿದ್ದರೆ ಸುರುಳಿಯ ತಂತಿ ಹರಿದಿದೆಯೇ, ಅದೂ ಸರಿಯಿದ್ದರೆ ಚಕ್ರಗಳಲ್ಲಿ ಕೊಳೆ ಕೂತಿದೆಯೇ ಎಂದು ನೋಡಿ. ಸೆಲ್ಲಿನ ಹೆಸರಿನಲ್ಲೇ ಅದರ ಅಳತೆಯಿದೆ: 626 ಎಂದರೆ ಅಗಲ 6.8 ಮಿಲಿಮೀಟರ್, ದಪ್ಪ 2.6 ಮಿಲಿಮೀಟರ್. ಸೆಲ್ ಹಿಡಿಯಲು ಪ್ಲಾಸ್ಟಿಕ್ ಚಿಮಟವೇ ಬೇಕು, ಲೋಹದ್ದಾದರೆ ಎರಡು ಧ್ರುವ ಸೇರಿ ಸೆಲ್ ಬರಿದಾಗುತ್ತದೆ. ಮುಚ್ಚಳದ ರಬ್ಬರ್ ರಿಂಗ್ ಒಣಗಿದ್ದರೆ ಬದಲಿಸಿ, ಸಿಲಿಕೋನ್ ಗ್ರೀಸ್ ಸವರಿ. ಈ ಎರಡು ನಿಮಿಷ ಉಳಿಸಲು ಹೋದರೆ ಗಿರಾಕಿ ಮಳೆಗಾಲದಲ್ಲಿ ಆವಿ ಕಟ್ಟಿದ ಗಾಜು ಹಿಡಿದು ವಾಪಸ್ ಬರುತ್ತಾರೆ.

ಕೀ ಕೊಡುವ ವಾಚು: ವಿದ್ಯೆ ತೋರುವ ಕೆಲಸ

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಕಂಪನಿ ಹೋದರೂ ಜನತಾ, ಪೈಲಟ್, ಸೋನಾ ವಾಚುಗಳು ಮನೆಮನೆಯಲ್ಲಿ ಉಳಿದಿವೆ. ಅವನ್ನು ಮತ್ತೆ ಓಡಿಸಬಲ್ಲವರಿಗೆ ಬೇಡಿಕೆ ಇದ್ದೇ ಇದೆ.

ಜನತಾ ವಾಚಿನ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ ಬಡಿಯುತ್ತದೆ. ಎಂದರೆ ಸೆಕೆಂಡಿಗೆ 5, ದಿನಕ್ಕೆ 4,32,000 ಬಡಿತ. ದಿನಕ್ಕೆ ಒಂದು ನಿಮಿಷ ತಪ್ಪುವ ವಾಚನ್ನು ಗಿರಾಕಿ ‘ಕೆಟ್ಟಿದೆ’ ಎನ್ನುತ್ತಾರೆ. ಲೆಕ್ಕ ಹಾಕಿದರೆ ಆ ತಪ್ಪು ನೂರಕ್ಕೆ 0.07ರಷ್ಟೂ ಇಲ್ಲ. ನಾವು ಸರಿಪಡಿಸಬೇಕಾದ್ದು ಅಷ್ಟು ಸೂಕ್ಷ್ಮವಾದದ್ದು.

ಬಿಚ್ಚುವ ಮೊದಲು, ಕೀ ಕೊಟ್ಟಾಗ ಸುತ್ತಿಕೊಳ್ಳುವ ಮೇನ್‌ಸ್ಪ್ರಿಂಗಿನ ಬಿಗಿಯನ್ನು ನಿಧಾನವಾಗಿ ಇಳಿಸಬೇಕು. ಮರೆತರೆ ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಗೇ ಬಿಡುಗಡೆಯಾಗಿ ಚಕ್ರಗಳು ರೊಯ್ಯನೆ ತಿರುಗುತ್ತವೆ, ಕೂದಲೆಳೆಯಂಥ ಅಚ್ಚುಗಳು ಮುರಿಯುತ್ತವೆ. ಪ್ರತಿ ಹಂತಕ್ಕೂ ಫೋಟೊ ತೆಗೆದು, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟಲುಗಳಲ್ಲಿಡಿ. ತೊಳೆದು ಒಣಗಿಸಿದ ಮೇಲೆ ಎಣ್ಣೆ. ನಿಧಾನ ತಿರುಗುವ, ಭಾರ ಹೊರುವ ಕಡೆಗೆ ಗಟ್ಟಿ ಎಣ್ಣೆ, ವೇಗದ ಬ್ಯಾಲೆನ್ಸಿಗೆ ತೆಳು ಎಣ್ಣೆ, ಅದೂ ಸೂಜಿಮೊನೆಯಷ್ಟು. ಹೆಚ್ಚಾದ ಎಣ್ಣೆ ಹರಿದು ದೂಳು ಹಿಡಿಯುತ್ತದೆ.

ವಾಚು ಇದ್ದಕ್ಕಿದ್ದಂತೆ ಬಹಳ ಮುಂದೆ ಓಡುತ್ತಿದ್ದರೆ ಬಿಚ್ಚುವ ಆತುರ ಬೇಡ. ಸ್ಪೀಕರ್ ಅಥವಾ ಆಯಸ್ಕಾಂತದ ಬಳಿ ಇಟ್ಟಿದ್ದರೆ ಬ್ಯಾಲೆನ್ಸ್ ಚಕ್ರದ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ ಹಾಗಾಗುತ್ತದೆ. ಆಯಸ್ಕಾಂತ ಗುಣ ತೆಗೆಯುವ ಪುಟ್ಟ ಯಂತ್ರದ ಮೇಲೆ ಹಿಡಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ.

ಬೆಸುಗೆ: ಬೆಂಕಿಯೊಡನೆ ಲೆಕ್ಕಾಚಾರ

ಒಡವೆ ರಿಪೇರಿಯ ಜೀವಾಳ ಬೆಸುಗೆ. ಬಂಗಾರಕ್ಕೆ ತಾಮ್ರ, ಬೆಳ್ಳಿ, ಸತು ಬೆರೆಸಿ, ಒಡವೆಗಿಂತ ಕಡಿಮೆ ಬಿಸಿಯಲ್ಲಿ ಕರಗುವ ತುಣುಕನ್ನು ಮಾಡಿಕೊಳ್ಳುತ್ತಾರೆ. ಸಂದಿಗೆ ಬಿಳಿಗಾರ ಹಚ್ಚಿದರೆ ಅದು ಗಾಜಿನಂತೆ ಕರಗಿ, ಲೋಹ ಕಪ್ಪಾಗದಂತೆ ಕಾಯುತ್ತದೆ. ಉರಿಯನ್ನು ಬೆಸುಗೆಯ ತುಣುಕಿಗೆ ಹಿಡಿಯದೆ ಒಡವೆಗೆ ಹಿಡಿಯಬೇಕು. ಕರಗಿದ ಬೆಸುಗೆ ಬಿಸಿ ಹೆಚ್ಚಿರುವ ಕಡೆಗೇ ಹರಿಯುತ್ತದೆ. ಸಂದಿಯ ಎರಡೂ ಬದಿ ಸಮವಾಗಿ ಕಾದಾಗ ಹೊಳೆಯುವ ಒಂದು ಗೆರೆ ಥಟ್ಟನೆ ಓಡುತ್ತದೆ. ಆ ಕ್ಷಣದಲ್ಲೇ ಉರಿ ತೆಗೆಯಬೇಕು. ಇನ್ನೆರಡು ಸೆಕೆಂಡು ತಡವಾದರೆ ಕೊಂಡಿಯೇ ಕರಗುತ್ತದೆ. ಹಾಗಾಗಿ ಮೊದಲ ತಿಂಗಳುಗಳ ಅಭ್ಯಾಸ ತಾಮ್ರ, ಬೆಳ್ಳಿಯ ತಂತಿಯ ಮೇಲಿರಲಿ.

ಮುತ್ತು, ಹವಳ, ಪಚ್ಚೆಗೆ ಬಿಸಿ ಆಗದು, ಬಿಚ್ಚಿಟ್ಟೇ ಬೆಸುಗೆ ಹಾಕಿ. ಅಲ್ಟ್ರಾಸಾನಿಕ್ ತೊಟ್ಟಿಗೂ ಅವನ್ನು ಹಾಕಬಾರದು. ಕಪ್ಪು ತೆಗೆಯುವ ಆ್ಯಸಿಡ್ ತಯಾರಿಸುವಾಗ ನೀರಿಗೆ ಆ್ಯಸಿಡ್ ಹಾಕಿ, ಆ್ಯಸಿಡಿಗೆ ಎಂದಿಗೂ ನೀರು ಸುರಿಯಬೇಡಿ. ಒಂದು ಕಾಲದಲ್ಲಿ ‘ಕೆಡಿಎಂ’ ಎಂದು ಹೆಸರಾಗಿದ್ದ ಕ್ಯಾಡ್ಮಿಯಂ ಬೆಸುಗೆಯಿಂದ ದೂರವಿರಿ. ಅದರ ಹೊಗೆ ಕೆಲಸ ಮಾಡುವವರ ಶ್ವಾಸಕೋಶ ಮತ್ತು ಮೂತ್ರಪಿಂಡ ಹಾಳುಮಾಡುತ್ತದೆ.

ಉಂಗುರದ ಅಳತೆ ಬದಲಿಸುವಾಗ ಕೊಯ್ಯುವ ಮೊದಲು ಲೂಪ್ ಹಿಡಿದು ಒಳಮೈ ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮಾರಲು ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕೆಗಳ ಗುರುತುಸಂಖ್ಯೆ ಇರಲೇಬೇಕು. ಆ ಗುರುತಿನ ಮೇಲೆ ಗರಗಸ ಆಡಿದರೆ ಅಥವಾ ಪಾಲಿಶ್ ಮಾಡಿ ಅಳಿಸಿದರೆ ಒಡವೆಯ ಗುರುತುಚೀಟಿಯನ್ನೇ ಹರಿದಂತೆ.

ಕಲಿಕೆ, ಬಂಡವಾಳ, ಬೆಳವಣಿಗೆ

ಮೊದಲ ವರ್ಷ ಗುಜರಿಯ ಹಳೆಯ ವಾಚುಗಳನ್ನು ಬಿಚ್ಚಿ ಜೋಡಿಸಿ. ಆಮೇಲೆ ಅನುಭವಿಯೊಬ್ಬರ ಅಂಗಡಿಯಲ್ಲಿ ಅಥವಾ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೂರಿ. ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತು, ದರ, ಜುಗಾಡು ಕಲಿಯುತ್ತೀರಿ. ಸರ್ವಿಸ್ ಸೆಂಟರಿನಲ್ಲಿ ಬಿಡಿಭಾಗಗಳ ನಂಬರು, ಪರೀಕ್ಷೆಯ ಕ್ರಮ, ಶಿಸ್ತು ಸಿಗುತ್ತದೆ. ಒಡವೆಯ ಕೆಲಸ ನೋಡಬೇಕೆಂದರೆ ಬೆಂಗಳೂರಿನ ನಗರತ್‌ಪೇಟೆಯ ಓಣಿಗಳಿವೆ, ಊರಿನ ಅಕ್ಕಸಾಲಿಗರ ಕುಲುಮೆಯೂ ಇದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರ ಕೆಲಸವಿದೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷದವರೆಗೆ ಸಾಲ, ಹೀಗೆ ಅದರ ಏರ್ಪಾಡು. ವಾಚು ರಿಪೇರಿ ಆ ಪಟ್ಟಿಯಲ್ಲಿಲ್ಲ, ಸೇರಬೇಕಿತ್ತು.

ಸ್ವಂತ ಅಂಗಡಿಯಲ್ಲಿ ಸೆಲ್, ಬೆಲ್ಟ್, ಕರಿಮಣಿ ಪೋಣಿಸುವುದು, ಪಾಲಿಶ್, ಇವು ದಿನದ ಖರ್ಚು ತೂಗಿಸುತ್ತವೆ. ಪೂರ್ತಿ ಸರ್ವಿಸ್, ಹಳೆಯ ಒಡವೆಯ ಜೀರ್ಣೋದ್ಧಾರ ಹೆಸರು ತರುತ್ತವೆ. ಹಳೆಯ ಎಚ್‌ಎಂಟಿಗೆ ಹೊಸ ಬಣ್ಣದ ಡಯಲ್ ಹಾಕಿ ‘ಒರಿಜಿನಲ್’ ಎಂದು ಮಾರುವವರಿದ್ದಾರೆ. ನೀವು ಏನು ಬದಲಿಸಿದಿರೋ ಅದನ್ನು ಬಿಲ್ಲಿನಲ್ಲೇ ಬರೆದುಕೊಡಿ. ಗುರುತು ಪರಿಚಯವಿಲ್ಲದವರು ಅಗ್ಗಕ್ಕೆ ಕೊಡುವ ಬಂಗಾರ ಮುಟ್ಟಬೇಡಿ.

ಕೆಲಸ ಮುಗಿಸಿ ಒಪ್ಪಿಸುವಾಗ ಸರವನ್ನು ಮತ್ತೆ ಅವರೆದುರೇ ತೂಗಿ, ಸೇರಿಸಿದ ಬೆಸುಗೆಯ ತೂಕವನ್ನು ಮೊದಲಿನ ತೂಕದ ಪಕ್ಕದಲ್ಲಿ ಬರೆಯಿರಿ. ಮುರಿದ ಕೊಂಡಿಯನ್ನು, ತೆಗೆದ ಸೆಲ್ಲನ್ನು ಚಿಕ್ಕ ಪೊಟ್ಟಣ ಕಟ್ಟಿ ಕೈಗಿಡಿ. ಗಿರಾಕಿ ಸರ ಹಾಕಿಕೊಂಡು ಹೊರಡುವ ಮುನ್ನ ಆ ಪೊಟ್ಟಣ ಬಿಚ್ಚಿ ಒಮ್ಮೆ ನೋಡುತ್ತಾರೆ. ಮುಂದಿನ ಸಲ ಅವರು ತಂಗಿಯ ಓಲೆಯನ್ನೂ ನಿಮ್ಮಲ್ಲಿಗೇ ತರುತ್ತಾರೆ.