ಕಾಮದ ಗೀಳು: ಪಾಪವೋ, ರೋಗವೋ?

ಕಾಮವೆಂಬ ಒಂದೇ ಪದವನ್ನು ನಮ್ಮ ಹಿರಿಯರು ಎರಡು ಕಡೆ ಎಣಿಸಿದ್ದಾರೆ. ಪುರುಷಾರ್ಥಗಳಲ್ಲಿ ಅದು ಮೂರನೆಯದು, ಅರಿಷಡ್ವರ್ಗದಲ್ಲಿ ಮೊದಲನೆಯದು. ಬಾಳಿಗೆ ಬೇಕಾದುದೇ ಹತೋಟಿ ತಪ್ಪಿದಾಗ ಹಗೆಯಾಗುತ್ತದೆ. ಆ ಹಗೆಯನ್ನು ಇಂದಿನ ವೈದ್ಯಶಾಸ್ತ್ರ ಹೇಗೆ ಕಾಣುತ್ತದೆಂಬುದನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಿತು. ಕಾಮದ ಗೀಳಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿದೆ. ಆಸೆ ಹೆಚ್ಚಾಗಿರುವುದೇ ರೋಗವಲ್ಲ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ತಡೆಯಲು ಯತ್ನಿಸಿಯೂ ಸೋತು, ಉದ್ಯೋಗ, ಸಂಸಾರ, ಆರೋಗ್ಯಗಳು ಕೆಡುತ್ತಿದ್ದರೂ, ಸುಖವೇ ದೊರೆಯದಿದ್ದರೂ, ಅದೇ ವರ್ತನೆಗೆ ಮರಳುವುದು ರೋಗ. ಕೇವಲ ಪಾಪಭೀತಿಯಿಂದ ನರಳುವವನು ಈ ರೋಗಿಯಲ್ಲವೆಂದೂ ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಹಸ್ತಮೈಥುನದಿಂದ ಶಕ್ತಿ ಕುಂದೀತೆಂದು ಅಂಜುವ ತರುಣನಿಗೆ ಬೇಕಾದುದು ತಿಳಿವಳಿಕೆ. ಗೋಡೆಯ ಮೇಲೆ ‘ಗುಪ್ತರೋಗ’ವೆಂದು ಬರೆಸಿದವರ ಔಷಧಿಯಲ್ಲ.

ಈ ಗೀಳಿಗೆ ಒಂದೇ ಕಾರಣವಿಲ್ಲ. ಒಂಟಿತನ, ಖಿನ್ನತೆ, ಆತಂಕಗಳನ್ನು ಮರೆಯಲು ಹಿಡಿದ ದಾರಿ ಕ್ರಮೇಣ ಗೀಳಾಗಬಹುದು. ಉನ್ಮಾದ ರೋಗದಲ್ಲಿಯೂ ಕಾಮ ಕೆರಳುತ್ತದೆ. ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ ಕೆಲವು ಔಷಧಿಗಳಿಂದ ಮರ್ಯಾದಸ್ಥ ವೃದ್ಧರಲ್ಲಿಯೂ ಇದು ತಲೆದೋರುವುದುಂಟು. ಆದುದರಿಂದ ಛೀಮಾರಿಗೆ ಮುಂಚೆ ವೈದ್ಯರ ಪರೀಕ್ಷೆ ನಡೆಯಬೇಕು.

ಬೇಸಿಗೆಯಲ್ಲಿ ಜೋಗಿಮಟ್ಟಿಯಂಥ ಒಣಕಾಡಿಗೆ ಕಿಚ್ಚು ಹತ್ತಿದರೆ ಆರಿಸುವುದು ಕಷ್ಟ. ಅದಕ್ಕಾಗಿಯೇ ಅರಣ್ಯದವರು ಮೊದಲೇ ಹುಲ್ಲು ಸವರಿ ಬೆಂಕಿರೇಖೆ ತೆಗೆಯುತ್ತಾರೆ. ಮನೋಚಿಕಿತ್ಸೆಯ ಕ್ರಮವೂ ಇಂಥದೇ. ಯಾವ ಹೊತ್ತಿನಲ್ಲಿ, ಯಾವ ಬೇಸರದಲ್ಲಿ ತುಡಿತ ಹುಟ್ಟುತ್ತದೆಂದು ರೋಗಿ ಗುರುತಿಸುತ್ತಾನೆ. ಅದು ಉರಿಯಾಗುವ ಮೊದಲೇ ಬದಿಗೆ ಸರಿಯುವುದನ್ನು ಕಲಿಯುತ್ತಾನೆ. ಅಗತ್ಯವಿದ್ದರೆ ಔಷಧಿಯೂ ಉಂಟು.

ಒಂದು ಎಚ್ಚರಿಕೆ. ರೋಗವೆಂಬ ಮಾತು ಪರಪೀಡನೆಗೆ ರಕ್ಷಾಕವಚವಲ್ಲ. ಒಲ್ಲದವರ ಮೇಲೆ ಕೈಮಾಡಿದರೆ ಅದು ಅಪರಾಧವೇ. ಗಂಡನ ಗೀಳನ್ನು ಸಹಿಸಿಕೊಂಡಿರಬೇಕೆಂದು ಹೆಂಡತಿಗೆ ಉಪದೇಶಿಸುವುದೂ ಚಿಕಿತ್ಸೆಯಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿಯಲ್ಲಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಗಳವರೆಗೆ ಒಯ್ದು ತೋರಿಸಿತು. ಆ ಮಾದರಿಯಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮುಖ ತೋರಲು ನಾಚುವವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ: 14416ಕ್ಕೆ ಕರೆ ಮಾಡಿದರೆ ಖರ್ಚಿಲ್ಲದೆ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ನಾಚಿಕೆ ಈ ರೋಗವನ್ನು ಬಚ್ಚಿಡುತ್ತದೆಯೇ ಹೊರತು ವಾಸಿಮಾಡುವುದಿಲ್ಲ. ಬಾಯಿಬಿಟ್ಟು ಹೇಳುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು.