ನಿದ್ರೆ, ಎಚ್ಚರ ಮತ್ತು ದೇಹದೊಳಗಿನ ಗಡಿಯಾರ: ರಾತ್ರಿ ದುಡಿಯುವ ನಾಗರಿಕರಿಗೆ ಮಾಹಿತಿ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ಕರಾವಳಿಯಲ್ಲಿ ರಾತ್ರಿ ಎಚ್ಚರವಿದ್ದು ಹಗಲು ಮಲಗಬೇಕಾದವರ ಸಂಖ್ಯೆ ಕಡಿಮೆಯೇನಲ್ಲ. ಮುರ್ಡೇಶ್ವರದ ತೀರದಿಂದ ಕಡಲಿಗಿಳಿಯುವ ಮೀನುಗಾರರು, ಕಾಸರಕೋಡ ಮತ್ತು ತದಡಿಯ ಯಾಂತ್ರೀಕೃತ ದೋಣಿಗಳ ಕೆಲಸಗಾರರು, ರೈಲ್ವೆಯ ರಾತ್ರಿ ಪಾಳಿಯ ಸಿಬ್ಬಂದಿ, ಆಸ್ಪತ್ರೆಯ ದಾದಿಯರು, ವಸತಿಗೃಹಗಳ ಕಾವಲುಗಾರರು, ಯಕ್ಷಗಾನ ಮೇಳಗಳ ಕಲಾವಿದರು ಈ ವರ್ಗಕ್ಕೆ ಸೇರುತ್ತಾರೆ. ಇಂಥವರಲ್ಲಿ ಕೆಲವರು ಬೆಳಿಗ್ಗೆ ನೇರವಾಗಿ ಕಚೇರಿಗೆ ಬಂದು, ಸರದಿ ಬರುವವರೆಗೆ ಬೆಂಚಿನ ಮೇಲೆ ತೂಕಡಿಸುವುದುಂಟು. ಅದೇ ವ್ಯಕ್ತಿ ಮನೆಗೆ ಹೋಗಿ ಮಲಗಿದರೆ ಮಧ್ಯಾಹ್ನದ ಹೊತ್ತಿಗೆ ನಿದ್ರೆ ಹಾರಿಹೋಗುತ್ತದೆ. ಇದು ಸೋಮಾರಿತನವೂ ಅಲ್ಲ, ಅಭ್ಯಾಸದ ಕೊರತೆಯೂ ಅಲ್ಲ. ಇದರ ಕಾರಣಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಎರಡು ಲೆಕ್ಕಗಳು

ನಿದ್ರೆಯನ್ನು ಎರಡು ಪ್ರತ್ಯೇಕ ವ್ಯವಸ್ಥೆಗಳು ನಿಯಂತ್ರಿಸುತ್ತವೆ. ಮೊದಲನೆಯದು ಸಾಲದ ಖಾತೆಯಂತಿದೆ. ಎಚ್ಚರವಿರುವ ಪ್ರತಿ ಗಂಟೆಗೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಹೆಚ್ಚುತ್ತಾ ಹೋಗಿ ನಿದ್ರೆಯ ಒತ್ತಡ ಏರುತ್ತದೆ; ಮಲಗಿದಾಗ ಮಾತ್ರ ಅದು ಇಳಿಯುತ್ತದೆ. ಚಹಾ ಮತ್ತು ಕಾಫಿಯಲ್ಲಿರುವ ಕೆಫೀನ್ ಅಡೆನೊಸಿನ್ನಿನ ಪರಿಣಾಮವನ್ನು ತಡೆಯುತ್ತದೆ. ಅಂದರೆ ಅದು ಸಾಲವನ್ನು ತೀರಿಸುವುದಿಲ್ಲ, ಸಾಲದ ನೋಟೀಸನ್ನು ಕೆಲವು ಗಂಟೆಗಳ ಕಾಲ ಮುಚ್ಚಿಡುತ್ತದೆ, ಅಷ್ಟೆ.

ಎರಡನೆಯದು ಗಡಿಯಾರ. ಮಿದುಳಿನ ತಳಭಾಗದಲ್ಲಿ, ಎರಡು ಕಣ್ಣುಗಳ ನರಗಳು ಸಂಧಿಸುವ ಸ್ಥಳದ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಜೋಡಿ ಗುಚ್ಛವಿದೆ. ದೇಹದ ಉಷ್ಣಾಂಶ, ಹಾರ್ಮೋನುಗಳು ಮತ್ತು ನಿದ್ರೆಯ ಸಮಯವನ್ನು ಅದು ನಿರ್ದೇಶಿಸುತ್ತದೆ. ಸಾಲ ಎಷ್ಟೇ ಇದ್ದರೂ, ಈ ಗಡಿಯಾರ ಹಗಲೆಂದು ಸಾರುತ್ತಿದ್ದರೆ ನಿದ್ರೆ ದೀರ್ಘವಾಗಿ ನಿಲ್ಲುವುದಿಲ್ಲ. ರಾತ್ರಿ ದುಡಿದವರಿಗೆ ಮಧ್ಯಾಹ್ನ ಎಚ್ಚರವಾಗುವುದು ಇದರಿಂದಲೇ.

ಗಡಿಯಾರವು ಒಳಗಿನದೇ ಎಂಬುದಕ್ಕೆ ಮೊದಲ ಸುಳಿವು ದೊರೆತದ್ದು ನಮ್ಮ ಗದ್ದೆಯ ಅಂಚಿನಲ್ಲಿಯೂ ಬೆಳೆಯುವ ನಾಚಿಕೆ ಮುಳ್ಳಿನ ಜಾತಿಯ ಗಿಡದಿಂದ. 1729ರಲ್ಲಿ ಫ್ರಾನ್ಸಿನ ಡಿ ಮೇರಾನ್ ಅಂಥ ಗಿಡವನ್ನು ಕತ್ತಲಲ್ಲಿರಿಸಿದಾಗಲೂ ಅದರ ಎಲೆಗಳು ಹಗಲಿನ ವೇಳೆಗೆ ಅರಳಿ ರಾತ್ರಿಯ ವೇಳೆಗೆ ಮಡಚಿಕೊಂಡವು. ಹಣ್ಣಿನ ನೊಣಗಳಲ್ಲಿ ಈ ಗಡಿಯಾರವನ್ನು ನಡೆಸುವ ವಂಶವಾಹಿಗಳ ಕೆಲಸವನ್ನು ಬಿಡಿಸಿ ತೋರಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಹೊರಗಿನ ಸೂಚನೆಗಳು

ಮನುಷ್ಯನ ಒಳಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆಗಿಂತ ತುಸು ಹೆಚ್ಚು. ತಿದ್ದುವವರಿಲ್ಲದಿದ್ದರೆ, ಉಬ್ಬರವಿಳಿತವು ದಿನಕ್ಕೆ ಸುಮಾರು 50 ನಿಮಿಷ ತಡವಾಗುವಂತೆ, ಇದೂ ದಿನಕ್ಕೆ ಕೆಲವು ನಿಮಿಷ ಹಿಂದೆ ಸರಿಯುತ್ತದೆ. ಪ್ರತಿದಿನ ಅದನ್ನು ಸರಿಪಡಿಸುವ ಮುಖ್ಯ ಸೂಚನೆ ಬೆಳಕು. ಕಣ್ಣಿನ ಅಕ್ಷಿಪಟದಲ್ಲಿ ನೋಟಕ್ಕಲ್ಲದೆ ಗಡಿಯಾರಕ್ಕೆ ಬೆಳಕಿನ ವರದಿ ಕಳುಹಿಸಲೆಂದೇ ವಿಶೇಷ ಕೋಶಗಳಿವೆ. ಅವು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಸಂಜೆ ಮತ್ತು ರಾತ್ರಿಯ ಮೊದಲ ಭಾಗದ ಬೆಳಕು ಗಡಿಯಾರವನ್ನು ಹಿಂದಕ್ಕೂ, ಬೆಳಗಿನ ಬೆಳಕು ಮುಂದಕ್ಕೂ ತಳ್ಳುತ್ತದೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುತ್ತದೆ.

ಬೆಳಕಿನ ಪ್ರಮಾಣದಲ್ಲಿ ನಮ್ಮ ಅಂದಾಜು ತಪ್ಪುತ್ತದೆ. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಬೆಳಕಿದ್ದರೆ, ಮಳೆಗಾಲದ ಮೋಡ ಕವಿದ ಹಗಲಿನಲ್ಲಿಯೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಗೋಡೆಯ ಗಡಿಯಾರದ ಮಾತು ದೇಹಕ್ಕೆ ತಿಳಿಯದು. ಮುರ್ಡೇಶ್ವರವು ಭಾರತೀಯ ಕಾಲಮಾನದ ರೇಖೆಗಿಂತ ಸುಮಾರು 8 ಡಿಗ್ರಿ ಪಶ್ಚಿಮಕ್ಕಿರುವುದರಿಂದ, ಇಲ್ಲಿ ಸೂರ್ಯನು ನೆತ್ತಿಗೆ ಬರುವುದು ಸರಾಸರಿ 12 ಗಂಟೆ 32 ನಿಮಿಷಕ್ಕೆ. ನಾವು ನೋಡುವ ಗಡಿಯಾರ ಸೂರ್ಯನಿಗಿಂತ ಅರ್ಧ ಗಂಟೆ ಮುಂದಿದೆ. ದೇಹ ಅನುಸರಿಸುವುದು ಹೆಚ್ಚಾಗಿ ಸೂರ್ಯನನ್ನೇ.

ಬೆಳಕಲ್ಲದೆ ಊಟದ ಸಮಯವೂ ಒಂದು ಸೂಚನೆ. ಯಕೃತ್ತು ಮೊದಲಾದ ಅಂಗಗಳ ಗಡಿಯಾರಗಳು ಅದನ್ನು ಅನುಸರಿಸುತ್ತವೆ. ಕೆಲವು ಪ್ರಾಣಿಗಳಿಗೆ ಸಹವಾಸವೂ ಸೂಚನೆಯಾಗುತ್ತದೆ. ಮದುರೈ ಕಾಮರಾಜ್ ವಿಶ್ವವಿದ್ಯಾಲಯದ ಎಂ.ಕೆ. ಚಂದ್ರಶೇಖರನ್ ಮತ್ತು ಸಹೋದ್ಯೋಗಿಗಳು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕತ್ತಲ ಗುಹೆಯೊಳಗೆ ಪಂಜರದಲ್ಲಿಟ್ಟ ಬಾವಲಿಗಳು ತಮ್ಮ ಬಳಗ ಹೊರಹಾರುವ ವೇಳೆಗೆ ಸರಿಯಾಗಿ ಚಟುವಟಿಕೆ ಆರಂಭಿಸುತ್ತಿದ್ದವು. ಬಳಗವಿಲ್ಲದ ಗುಹೆಯಲ್ಲಿ ಅವುಗಳ ವೇಳೆ ದಿನದಿಂದ ದಿನಕ್ಕೆ ಸರಿಯುತ್ತಾ ಹೋಯಿತು.

ಅಪಾಯದ ಗಳಿಗೆ

ಸಾಮಾನ್ಯವಾಗಿ ಬೆಳಗಿನ ಜಾವ 3ರಿಂದ 5 ಗಂಟೆಯ ನಡುವೆ ದೇಹದ ಉಷ್ಣಾಂಶ ಅತಿ ಕಡಿಮೆಯಿದ್ದು, ಎಚ್ಚರವೂ ಕನಿಷ್ಠ ಮಟ್ಟದಲ್ಲಿರುತ್ತದೆ. ಇಡೀ ರಾತ್ರಿಯ ಯಕ್ಷಗಾನ ನೋಡಿದವರಿಗೆ ಈ ಗಳಿಗೆಯ ಅನುಭವವಿದೆ: ಎದುರಿಗೇ ಚಂಡೆ ಬಾರಿಸುತ್ತಿದ್ದರೂ ಕಣ್ಣು ಮುಚ್ಚುತ್ತದೆ. ಪ್ರೇಕ್ಷಕರು ತೂಕಡಿಸಿದರೆ ಒಂದು ಪ್ರಸಂಗದ ನಷ್ಟ. ದೋಣಿಯ ಚುಕ್ಕಾಣಿ ಹಿಡಿದವರು ಅಥವಾ ಹೆದ್ದಾರಿಯಲ್ಲಿ ಮೀನಿನ ಲಾರಿ ನಡೆಸುವವರು ತೂಕಡಿಸಿದರೆ ಜೀವಹಾನಿಯಾಗಬಹುದು. ಆದ್ದರಿಂದ ಚುಕ್ಕಾಣಿಯ ಸರದಿಯನ್ನು ಈ ಅವಧಿಯಲ್ಲಿ ಕಿರಿದಾಗಿಸಿಕೊಳ್ಳುವುದು, ಹೊರಡುವ ಮುನ್ನ ಸಂಜೆ ಒಂದು ನಿದ್ರೆ ಮಾಡುವುದು ಸೂಕ್ತ.

ಹತ್ತು ವರ್ಷ ರಾತ್ರಿ ದುಡಿದವರಲ್ಲಿಯೂ ಬಹುಪಾಲು ಜನರ ಗಡಿಯಾರ ಪೂರ್ಣವಾಗಿ ತಿರುಗುವುದಿಲ್ಲ. ಕೆಲಸ ಮುಗಿಸಿ ಮನೆಗೆ ಮರಳುವಾಗ ಮುಖಕ್ಕೆ ಬೀಳುವ ಬಿಸಿಲು ಪ್ರತಿದಿನವೂ ಅದನ್ನು ಹಗಲಿಗೇ ಎಳೆಯುತ್ತದೆ. ಸತತವಾಗಿ ರಾತ್ರಿ ಕೆಲಸವಿರುವವರು ಮರಳುವಾಗ ಕಪ್ಪು ಕನ್ನಡಕ ಹಾಗೂ ಅಗಲ ಅಂಚಿನ ಟೊಪ್ಪಿ ಧರಿಸಬಹುದು. ಆದರೆ ನಿದ್ರೆ ಒತ್ತುತ್ತಿರುವಾಗ ವಾಹನ ಚಲಾಯಿಸಬಾರದು. ಮಲಗುವ ಕೋಣೆಗೆ ದಪ್ಪ ಪರದೆ ಬೇಕು. ಮಲಗುವ ವೇಳೆಗೆ ಸುಮಾರು ಆರು ಗಂಟೆ ಮುಂಚಿತವಾಗಿ ಚಹಾ ನಿಲ್ಲಿಸುವುದು ಒಳ್ಳೆಯದು. ಮನೆಯವರು ಹಗಲು ಮಲಗಿದವರನ್ನು ಊಟಕ್ಕೆಂದು ಎಬ್ಬಿಸುವ ಪದ್ಧತಿ ಪ್ರೀತಿಯದೇ ಆದರೂ ಅದನ್ನು ಬಿಡಬೇಕೆಂದು ಕೋರಲಾಗಿದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಅನೇಕರು ಹಗಲಿನ ದಿನಚರಿಗೆ ಮರಳುತ್ತಾರೆ. ಗಡಿಯಾರವು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುವುದರಿಂದ ಮೊದಲ ವಾರ ನಿದ್ರೆ ಅಸ್ತವ್ಯಸ್ತವಾಗುವುದು ಸಹಜ. ಮಳೆಯಿದ್ದರೂ ಬೆಳಿಗ್ಗೆ ಜಗಲಿಯಲ್ಲಿ ಅರ್ಧ ಗಂಟೆ ಕುಳಿತರೆ ಹೊಂದಾಣಿಕೆ ಬೇಗ ಆಗುತ್ತದೆ. ದುಬೈಯಿಂದ ಊರಿಗೆ ಬರುವವರಿಗೆ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ ಆದ್ದರಿಂದ ಒಂದೆರಡು ದಿನ ಸಾಕು.

ರಾತ್ರಿ ಪಾಳಿ ಮುಗಿಸಿದ ದಿನವೇ ಅರ್ಜಿ ಸಲ್ಲಿಸಬೇಕಾದವರು ಸಾಧ್ಯವಾದಲ್ಲಿ ಮಲಗಿ ಎದ್ದು ಮಧ್ಯಾಹ್ನದ ನಂತರ ಬರುವುದು ಉತ್ತಮ. ಹಾಗಾಗದಿದ್ದಲ್ಲಿ ಸರ್ವೆ ನಂಬರು, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಜೊತೆಗಿರುವವರಿಂದ ಒಮ್ಮೆ ಓದಿಸಿ ನೋಡತಕ್ಕದ್ದು. ಸಾಕಷ್ಟು ಮಲಗಿದರೂ ತೂಕಡಿಕೆ ಹೋಗದಿದ್ದರೆ, ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ, ಅದನ್ನು ಪಾಳಿಯ ದೋಷವೆಂದು ಬಿಡದೆ ತಾಲ್ಲೂಕು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು.